ಬೇಲಿ ದಾಟಿದ ಬಳ್ಳಿ

ನನ್ನ ಅತ್ತಿಗೆ ಬೆನಿಲ್ದೆಯ ಬಗ್ಗೆ ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಒಂದೇ ಮಾತು: ಕಾಳು ಬೇಯುವಾಗ ಅವಳು ಪಾತ್ರೆಗೆ ಸೌಟು ಹಾಕುತ್ತಿರಲಿಲ್ಲ. ಎರಡೂ ಕಿವಿ ಹಿಡಿದು ಪಾತ್ರೆಯನ್ನೇ ಮೆಲ್ಲಗೆ ಅಲುಗಾಡಿಸುತ್ತಿದ್ದಳು. ಸೌಟು ಆಡಿಸಿದರೆ ಸಿಪ್ಪೆ ಬಿಟ್ಟು ಕಾಳು ಒಡೆಯುತ್ತದೆ. ಓರ್ಬಿಗೊ ಹೊಳೆಯ ದಂಡೆಯ ಹೆಂಗಸರಿಗೆಲ್ಲ ಇದು ಗೊತ್ತು, ಗೊತ್ತಿದ್ದೂ ನಾವೆಲ್ಲ ಅವಸರಕ್ಕೆ ಬಿದ್ದು ಸೌಟು ಹಾಕುವವರೇ. ಬೆನಿಲ್ದೆಗೆ ಅವಸರ ಅನ್ನುವುದೇ ಗೊತ್ತಿರಲಿಲ್ಲ, ನನಗೆ ಅವಸರ ಬಿಟ್ಟು ಬೇರೇನೂ ಗೊತ್ತಿಲ್ಲ. ಒಂದೇ ಅಡುಗೆಮನೆಯಲ್ಲಿ ಇಬ್ಬರೂ ಮೂವತ್ತು ವರ್ಷ ಹೇಗೆ ಕಳೆದೆವೋ ದೇವರೇ ಬಲ್ಲ.

ಬಾರ್ ನನ್ನದು ಮತ್ತು ನನ್ನ ಗಂಡ ಅಬುಂದಿಯೊನದು. ಚರ್ಚಿನ ಎದುರಿಗೇ ಇದೆ. ಒಂದು ಲೋಟ ವೈನ್ ತೆಗೆದುಕೊಂಡವನಿಗೆ ಜೊತೆಗೊಂದು ತಾಪಾ, ಅಂದರೆ ನಾಲ್ಕು ತುತ್ತಿನ ತಿಂಡಿ, ಪುಕ್ಕಟೆ. ನಮ್ಮ ಲೆಯೋನ್ ಸೀಮೆಯಲ್ಲಿ ಅಷ್ಟೂ ಕೊಡದವನ ಬಾರಿಗೆ ನಾಯಿಯೂ ಹೋಗುವುದಿಲ್ಲ. ಬೇರೆಯವರು ಒಂದು ಚೂರು ಚೀಸ್, ಎರಡು ಹೋಳು ಸಾಸೇಜ್ ಇಟ್ಟು ಕೈ ತೊಳೆದುಕೊಳ್ಳುತ್ತಾರೆ. ನಮ್ಮಲ್ಲಿ ಅಂಗೈಯಗಲದ ಮಣ್ಣಿನ ಬಟ್ಟಲಲ್ಲಿ ಬಿಸಿಬಿಸಿ ಕಾಳು. ಜನ ಬರುತ್ತಿದ್ದದ್ದು ನನ್ನ ಮುಖ ನೋಡುವುದಕ್ಕಂತೂ ಅಲ್ಲ. ಬೆನಿಲ್ದೆ ಬೇಯಿಸಿದ ಕಾಳಿಗೆ, ಅದನ್ನು ಬೆಳೆಯುತ್ತಿದ್ದ ನಮ್ಮಣ್ಣ ಲೌರೆಂತಿನೊನ ಹೊಲದ ರುಚಿಗೆ.

ಆ ಕಾಳು ನಮ್ಮಮ್ಮನದು. ಬಳ್ಳಿ ಬೀನ್ಸಿನ ಬಿಳಿ ಕಾಳು, ಕಣ್ಣಿನ ಹತ್ತಿರ ದಾಲ್ಚಿನ್ನಿ ಬಣ್ಣದ ಒಂದು ಮಚ್ಚೆ, ಬೆಂದ ಮೇಲೂ ಪೂರ್ತಿ ಮಾಸುವುದಿಲ್ಲ. ಸಿಪ್ಪೆ ಇದೆಯೋ ಇಲ್ಲವೋ ಅನ್ನುವಷ್ಟು ತೆಳು, ಬಾಯಿಗೆ ಹಾಕಿದರೆ ಬೆಣ್ಣೆ. ನಮ್ಮೂರಲ್ಲಿ ಅದು ಬೇರೆ ಯಾರ ಹೊಲದಲ್ಲೂ ಇರಲಿಲ್ಲ. ಅಮ್ಮ ಸಾಯುವ ಮುಂಚೆ ಬೀಜದ ಚೀಲವನ್ನು ಕರೆದು ಕೊಟ್ಟದ್ದು ಹೆತ್ತ ಮಗಳಾದ ನನಗಲ್ಲ, ಹೊಳೆಯಾಚೆಯಿಂದ ಬಂದ ಸೊಸೆಗೆ. ಹೊಲ ಮಗನದು, ಆದ್ದರಿಂದ ಬೀಜ ಅವನ ಹೆಂಡತಿಯ ಕೈಗೆ. ಲೆಕ್ಕ ಸರಿಯೇ. ಆದರೂ ನನ್ನ ಹೊಟ್ಟೆ ಉರಿಯಿತು. ಎಷ್ಟೋ ವರ್ಷ ಉರಿಯಿತು, ಸುಳ್ಳು ಯಾಕೆ ಹೇಳಲಿ.

ಕಾಳು ಕುದಿಯುವಾಗ ಅದನ್ನು ಹೆದರಿಸಬೇಕು. ನಾವು ಹೇಳುವುದೇ ಹಾಗೆ. ಕುದಿ ಬಂದಾಗ ಒಂದು ಚೆಂಬು ತಣ್ಣೀರು ಸುರಿದರೆ ಕಾಳು ಬೆಚ್ಚಿಬಿದ್ದು ಸುಮ್ಮನಾಗುತ್ತದೆ. ಹೀಗೆ ಮೂರು ಸಲ ಮಾಡಿದರೆ ಒಡೆಯದೆ ಒಳಗಿನವರೆಗೂ ಬೇಯುತ್ತದೆ. ಈ ಹೆದರಿಸುವ ಕೆಲಸ ಲೌರೆಂತಿನೊನದು. ಹೊಲದಿಂದ ಬಂದವನು ಹಿಂಬಾಗಿಲಲ್ಲಿ ಕೆಸರು ಬೂಟು ಬಿಚ್ಚಿಟ್ಟು, ಚೆಂಬು ಎತ್ತಿ, "ಹೆದರ್ಕೊಳ್ರೋ ಸೋಮಾರಿಗಳಾ!" ಎಂದು ಊರಿಗೆ ಕೇಳುವ ಹಾಗೆ ಕೂಗಿ ಸುರಿಯುತ್ತಿದ್ದ. ಬಾರಿನಲ್ಲಿ ಕುಡಿಯುತ್ತ ನಿಂತ ಗಂಡಸರು ಆಚೆಯಿಂದ "ಅಯ್ಯೋ, ಹೆದರಿದ್ವಿ ಕಣಪ್ಪಾ!" ಅನ್ನುತ್ತಿದ್ದರು. ಬೆನಿಲ್ದೆ ನಗುತ್ತಿದ್ದದ್ದು ಆಗ ಮಾತ್ರ, ಅದೂ ತಲೆ ತಗ್ಗಿಸಿಕೊಂಡು.

ಅಂಥ ನಗೆಮಾತಿನ ಮನುಷ್ಯನಿಗೂ ಒಬ್ಬ ವೈರಿ ಇದ್ದ. ಪಕ್ಕದ ಹೊಲದ ಎಉತೀಕಿಯೊ. ಇಬ್ಬರ ನಡುವೆ ಒಂದು ಮುಳ್ಳುಬೇಲಿ. ನಮ್ಮ ಕಾಳಿನ ಬಳ್ಳಿಗೆ ಬೇಲಿ ಅಂದರೆ ಏನು ಗೊತ್ತು? ಕೋಲು ಹತ್ತಿ, ಬೇಲಿ ಹತ್ತಿ, ಆಚೆ ಇಳಿದು ಅಲ್ಲಿ ಕಾಯಿ ಬಿಟ್ಟಿತು. ಎಉತೀಕಿಯೊ ಕಿತ್ತುಕೊಂಡ. ಬೇಲಿ ದಾಟಿ ತನ್ನ ಕಡೆ ಬಂದದ್ದು ತನ್ನದು ಅಂದ. ಲೌರೆಂತಿನೊ ನಡುಬೀದಿಯಲ್ಲಿ ಅವನನ್ನು "ಕಳ್ಳ" ಎಂದು ಕರೆದ. ಮಾತು ಅಲ್ಲಿಗೆ ಮುರಿಯಿತು. ಆಮೇಲೆ ಪ್ರತಿ ವರ್ಷ ಬೇಸಿಗೆ ಪೂರ್ತಿ ಪ್ರತಿ ಸಂಜೆ ನಮ್ಮಣ್ಣ ಬೇಲಿಯುದ್ದಕ್ಕೂ ನಡೆದು, ಆಚೆ ಇಣುಕಿದ ಒಂದೊಂದು ಕುಡಿಯನ್ನೂ ಹಿಡಿದು ಈಚೆ ತಿರುಗಿಸಿ ಕೋಲಿಗೆ ಸುತ್ತಿ ಬರುತ್ತಿದ್ದ. ಸಾಯುವ ಹಿಂದಿನ ಬೇಸಿಗೆಯವರೆಗೂ ಅದನ್ನು ತಪ್ಪಿಸಲಿಲ್ಲ.

ಅವನು ಸತ್ತದ್ದು ಮೇ ತಿಂಗಳಲ್ಲಿ, ಹೊಲ ಉತ್ತು ಹದ ಮಾಡಿಟ್ಟು ಇನ್ನೇನು ಬಿತ್ತಬೇಕು ಅನ್ನುವಾಗ. ಊಟಕ್ಕೆ ಕೂತವನು ಏಳಲಿಲ್ಲ. ಆ ವರ್ಷ ಹೊಲದಲ್ಲಿ ಬರೀ ಕಳೆ ಬೆಳೆಯಿತು. ಬಾರಿಗೆ ಪೇಟೆಯಿಂದ ಚೀಲದ ಕಾಳು ತಂದೆವು. ಗಿರಾಕಿಗಳು ತಿಂದರು, ಒಬ್ಬರೂ ಮಾತೆತ್ತಲಿಲ್ಲ. ಸಾವಿನ ಮನೆಯಲ್ಲಿ ಹಾಡು ಕೂಡದೆಂದು ಅಡುಗೆಮನೆಯ ರೇಡಿಯೊ ಮೇಲೆ ಬೆನಿಲ್ದೆ ಒಂದು ಬಟ್ಟೆ ಹೊದಿಸಿದಳು. ಕಪ್ಪು ಉಟ್ಟಳು. ಕಣ್ಣೀರು ಮಾತ್ರ ಹಾಕಲಿಲ್ಲ, ಹೂಳುವಾಗಲೂ ಇಲ್ಲ, ಆಮೇಲೂ ಇಲ್ಲ. ಹೀಗಾದರೆ ಇವಳಿಗೆ ಹುಚ್ಚು ಹಿಡಿಯುತ್ತದೆ ಎಂದು ನನಗೆ ಭಯವಾಗಿ ಒಂದು ದಿನ ರೇಗಿದೆ.

"ಅತ್ತಿಗೆ, ಒಂದ್ಸಲ ಕೂತು ಅತ್ತುಬಿಡು ಮಾರಾಯ್ತಿ! ನಿನ್ನ ನೋಡಿ ನನಗೇ ಉಸಿರು ಕಟ್ತದೆ."

"ವರ್ಷದ ಪೂಜೆ ಮುಗೀಲಿ, ನೆಮೇಸಿಯಾ," ಅಂದಳು. "ಮಾರನೇ ದಿನ ಗುದ್ದಲಿ ತಗೊಂಡು ಹೋಗಿ ಅವನ ಕಾಳು ಬಿತ್ತಿ ಬರ್ತೀನಿ. ಅದೊಂದು ಮಣ್ಣಿಗೆ ಬೀಳ್ಲಿ. ಆಮೇಲೆ ಅಳೋದಿದ್ರೆ ಅಳ್ತೀನಿ."

ಆ ಒಂದು ವರ್ಷ ಅವಳು ಉಸಿರಾಡಿದ್ದು ಆ ಚೀಲದ ಮೇಲೆ. ಮಕ್ಕಳಿಲ್ಲ. ಗಂಡ ತನ್ನ ಕೈಯಾರೆ ಆರಿಸಿ, ಹುಳ ಹತ್ತದಂತೆ ಎರಡು ಲಾರೆಲ್ ಎಲೆ ಹಾಕಿ ಕಟ್ಟಿಟ್ಟ ಬೀಜ ಅಷ್ಟೇ ಉಳಿದದ್ದು. ಅದು ಹೋದರೆ ನಮ್ಮಮ್ಮನೂ ಹೋದ ಹಾಗೆ, ಅಣ್ಣನೂ ಇನ್ನೊಂದು ಸಲ ಹೋದ ಹಾಗೆ.

ಸತ್ತವನಿಗಾಗಿ ಚರ್ಚಿನಲ್ಲಿ ನಡೆಯುವ ವರ್ಷದ ಬಲಿಪೂಜೆಗೆ ಪ್ರತಿ ಮನೆಯಿಂದ ಒಬ್ಬರಾದರೂ ಬರಬೇಕು, ಜಗಳವಿದ್ದರೂ ಬರಬೇಕು. ಪೂಜೆ ಮುಗಿದ ಮೇಲೆ ಬಂದವರಿಗೆಲ್ಲ ಸತ್ತವನ ಹೆಸರಲ್ಲಿ ವೈನ್ ಮತ್ತು ತಾಪಾ. ಹಿಂದಿನ ದಿನವಿಡೀ ನಾವಿಬ್ಬರೂ ಕೂತಿಲ್ಲ. ಹೊಳೆಯ ಟ್ರೌಟ್ ಮೀನು ಹುರಿದು ವಿನಿಗರಿನಲ್ಲಿ ಅದ್ದಿಟ್ಟೆವು. ಆಲೂಗಡ್ಡೆ ಹಾಕಿ ದಪ್ಪ ಆಮ್ಲೆಟ್ ಮಾಡಿದೆವು. ಒಣಗಿಸಿದ ದನದ ಮಾಂಸ ತೆಳ್ಳಗೆ ಕೊಯ್ದಿಟ್ಟೆವು. ಪೇಟೆಯ ಕಾಳನ್ನು ದೊಡ್ಡ ಪಾತ್ರೆಯಲ್ಲಿ ತಣ್ಣೀರಿಗೆ ನೆನೆಹಾಕಿದೆವು. ಸಂಜೆ ಬೆನಿಲ್ದೆ ಮನೆಯಿಂದ ಬೀಜದ ಚೀಲ ತಂದು, ಬೆಳಕಿನಲ್ಲಿ ಕೂತು, ಸೀಳಿದ್ದು ಮುಕ್ಕಾದದ್ದು ಆರಿಸಿ ತೆಗೆದಳು. ಆಮೇಲೆ ಚೀಲವನ್ನು ಒಲೆಯ ಮೇಲಿನ ಮೊಳೆಗೆ ನೇತುಹಾಕಿ, ಗುದ್ದಲಿಯನ್ನು ಹಿಂಬಾಗಿಲಿಗೆ ಒರಗಿಸಿ ಮನೆಗೆ ಹೋದಳು.

ಈಗ ನನ್ನ ಗಂಡನ ವಿಷಯ ಹೇಳಬೇಕು. ಅಬುಂದಿಯೊ ಬಾರಿನ ಕಟ್ಟೆಯ ಹಿಂದೆ ರಾಜ, ಅಡುಗೆಮನೆಯಲ್ಲಿ ಎಳೆಗೂಸು. ಹುಟ್ಟಿದ್ದು ಸಮೋರಾ ಕಡೆ, ಕಡಲೆ ಬೆಳೆಯುವ ಊರಲ್ಲಿ. ಸತ್ತ ಭಾವನೆಂಟನ ಮೇಲೆ ಅವನಿಗೆ ಪ್ರಾಣ. ಇಷ್ಟು ಹೇಳಿದ ಮೇಲೂ, ಪೂಜೆಯ ದಿನ ಬೆಳಿಗ್ಗೆ ಅಡುಗೆಮನೆಗೆ ಬಂದು ಒಲೆಯ ಪಕ್ಕ ಇನ್ನೊಂದು ಮಡಕೆ ನೋಡಿದಾಗ ನನ್ನ ಬಾಯಿಂದ ಬಂದ ಮಾತುಗಳನ್ನು ಇಲ್ಲಿ ಬರೆಯಲಾರೆ.

"ಅಬುಂದಿಯೊ! ಇದೇನಿದು ಮಡಕೇಲಿ?"

"ಕಾಳು ಕಣೇ," ಅಂದ, ಹೆಮ್ಮೆಯಿಂದಲೇ. "ಹೊಳೆ ಆಚೆಯವ್ರೂ ಬರ್ತಾರೆ ಅಂತ ಪಾದ್ರಿಗಳು ಹೇಳಿದ್ರು. ನೀವು ನೆನೆಹಾಕಿದ್ದು ಸಾಲಲ್ಲ ಅನ್ನಿಸ್ತು. ಲೌರೆಂತಿನೊ ಪೂಜೇಲಿ ಪಾತ್ರೆ ತಳ ಕಂಡ್ರೆ ನಮ್ಮ ಮಾನ ಏನಾಗ್ಬೇಕು? ಮೊಳೇಲಿ ಒಂದು ಚೀಲ ಇತ್ತು, ಸುರಿದೆ. ಕೊತಕೊತ ಕುದಿಯೋ ನೀರು ಹುಯ್ದು, ಒಂದು ಹಿಡಿ ಉಪ್ಪು ಹಾಕಿ ಮುಚ್ಚಿಟ್ಟೆ. ನಮ್ಮಮ್ಮ ಹಂಗೇ ಮಾಡ್ತಿದ್ಲು."

"ನಿಮ್ಮಮ್ಮ ಮಾಡ್ತಿದ್ದದ್ದು ಕಡಲೆಗೆ ಕಣೋ ದಡ್ಡಾ! ಕಡಲೆಗೆ ಬಿಸಿನೀರು, ಉಪ್ಪು! ಈ ಕಾಳಿಗೆ ತಣ್ಣೀರು ಅಂತ ಹಾಲು ಕುಡಿಯೋ ಮಗೂಗೂ ಗೊತ್ತು! ಅದು ಬೀಜ! ಅಣ್ಣನ ಬೀಜ!"

ಅವನು ಅಲ್ಲೇ ಸೌದೆ ಪೆಟ್ಟಿಗೆಯ ಮೇಲೆ ಕುಸಿದ. ಬೈಗುಳ ಇನ್ನೂ ನನ್ನ ನಾಲಿಗೆಯ ತುದಿಯಲ್ಲಿತ್ತು, ಅಷ್ಟರಲ್ಲಿ ಬೆನಿಲ್ದೆ ಒಳಗೆ ಬಂದಳು. ಯಾರೂ ಏನೂ ಹೇಳಬೇಕಾಗಲಿಲ್ಲ. ಬರಿದಾದ ಮೊಳೆ ನೋಡಿದಳು, ನೆಲದ ಮೇಲೆ ಬಿದ್ದ ಚೀಲ ನೋಡಿದಳು, ಮಡಕೆಯ ಮುಚ್ಚಳ ತೆಗೆದಳು. ಒಂದು ಕಾಳು ಎತ್ತಿ ಹೆಬ್ಬೆರಳಿನಲ್ಲಿ ಒತ್ತಿದಳು. ಸಿಪ್ಪೆ ಜಾರಿ ಕೈಗೆ ಬಂತು. ಒಳಗಿನ ಮೊಳಕೆಯ ಜಾಗ ಬೂದು ಬಣ್ಣಕ್ಕೆ ತಿರುಗಿತ್ತು.

"ಸತ್ತಿವೆ," ಅಂದಳು.

ಅಬುಂದಿಯೊ ಗೊಳೋ ಎಂದು ಅತ್ತ. "ಬೆನಿಲ್ದೆ, ನನ್ನ ಕೈ ಕತ್ತರಿಸಿ ಹಾಕು. ನನಗೆ ಗೊತ್ತಿರ್ಲಿಲ್ಲ. ಸತ್ಯವಾಗ್ಲೂ ಗೊತ್ತಿರ್ಲಿಲ್ಲ."

"ಅಳಬೇಡ," ಅಂದಳು ಅವಳು. "ನೀನು ಅವನಿಗೇ ಅಂತ ತಾನೆ ಮಾಡಿದ್ದು."

ಕೂಗಾಡಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಮಡಕೆ ಎತ್ತಿ ನೆಲಕ್ಕೆ ಅಪ್ಪಳಿಸಿದ್ದರೆ ನಾನೇ ಚೂರು ಗುಡಿಸುತ್ತಿದ್ದೆ. ಅವಳು ಹಿಂಬಾಗಿಲಿಗೆ ಹೋಗಿ, ಒರಗಿಸಿಟ್ಟ ಗುದ್ದಲಿಯನ್ನು ತೆಗೆದು ಸೌದೆ ರಾಶಿಯ ಹಿಂದೆ ಕಣ್ಣಿಗೆ ಬೀಳದ ಹಾಗೆ ಇಟ್ಟು ಬಂದಳು. ನನ್ನ ಎದೆ ಒಡೆದದ್ದು ಅದನ್ನು ನೋಡಿ.

"ಒಲೆ ಹಚ್ಚು, ನೆಮೇಸಿಯಾ. ಇದು ಬೇರೆಯಾಗಿ ಬೇಯ್ಲಿ. ಬಂದೋರಿಗೆಲ್ಲ ಒಂದೊಂದು ಚಮಚ ಇದರಿಂದ್ಲೇ ಹಾಕೋಣ. ಮಣ್ಣಿಗೆ ಬೀಳ್ಲಿಲ್ಲ. ಊರಿನ ಬಾಯಿಗಾದ್ರೂ ಬೀಳ್ಲಿ."

ಉಪ್ಪುನೀರು ಬಸಿದಳು. ಹೊಸ ತಣ್ಣೀರು ಹಾಕಿ, ಹಂದಿ ಕಿವಿ, ಕೆಂಪು ಸಾಸೇಜ್, ಒಂದು ಇಡೀ ಈರುಳ್ಳಿ, ಸುಲಿಯದ ಬೆಳ್ಳುಳ್ಳಿಯ ಗಡ್ಡೆ, ಒಂದು ಧಾರೆ ಎಣ್ಣೆ ಹಾಕಿ ಒಲೆಗೇರಿಸಿದಳು. ಚೀಲ ಕೊಡವಿದಾಗ ಲೌರೆಂತಿನೊ ಇಟ್ಟಿದ್ದ ಎರಡು ಲಾರೆಲ್ ಎಲೆ ಬಿದ್ದವು. ಅವನ್ನೂ ತೊಳೆದು ಹಾಕಿದಳು. ಕುದಿ ಬಂದಾಗ ಮೊದಲನೆಯ ಸಲ ಹೆದರಿಸಿದ್ದು ನಾನು. ಎರಡನೆಯ ಸಲವೂ ನಾನೇ. ಮೂರನೆಯ ಕುದಿಗೆ ಅವಳು ನನ್ನ ಕೈಯಿಂದ ಚೆಂಬು ತೆಗೆದುಕೊಂಡಳು.

ಬಹಳ ಹೊತ್ತು ಹಾಗೇ ಹಿಡಿದು ನಿಂತಳು. ಉಕ್ಕುತ್ತಿತ್ತು, ನಾನು ಸುಮ್ಮನಿದ್ದೆ. ಬಾಯಿ ಮುಚ್ಚಿಕೊಂಡಿರುವುದು ನನಗೆಷ್ಟು ಕಷ್ಟ ಎಂದು ಊರಿಗೇ ಗೊತ್ತು.

"ಹೆದರ್ಕೊಳ್ರೋ, ಸೋಮಾರಿಗಳಾ," ಅಂದಳು, ನನಗೆ ಮಾತ್ರ ಕೇಳುವಷ್ಟು ಮೆಲ್ಲಗೆ. ನೀರು ಸುರಿದಳು. ಆಚೆ ಬಾರು ಖಾಲಿ. ಉತ್ತರ ಕೊಡುವವರು ಯಾರೂ ಇರಲಿಲ್ಲ. ಆಮೇಲೆ ಮಡಕೆಯ ಕಿವಿ ಹಿಡಿದು ಮೆಲ್ಲಗೆ ಅಲುಗಾಡಿಸಿದಳು. ಕೊನೆಯಲ್ಲಿ ಎಣ್ಣೆ ಕಾಯಿಸಿ, ಇಳಿಸಿ, ಹೊಗೆಯಲ್ಲಿ ಒಣಗಿಸಿದ ಮೆಣಸಿನಕಾಯಿಯ ಕೆಂಪು ಪುಡಿ ಹಾಕಿ, ಕರಟುವ ಮುಂಚೆ ಸುರಿದಳು. ಅಡುಗೆಮನೆಯಲ್ಲಿ ವರ್ಷದಿಂದ ಇಲ್ಲದ ವಾಸನೆ ಎದ್ದಿತು.

ಪೂಜೆ ಮುಗಿಯಿತು. ಊರೆಲ್ಲ ಬಾರಿಗೆ ಬಂತು. ಮೊದಲು ಬಂದ ಪಾದ್ರಿ ಡಾನ್ ಸೆರಾಪಿಯೊ ಲೋಟ ಎತ್ತಿ ಸತ್ತವನ ಹೆಸರು ಹೇಳಿದರು, ಎಲ್ಲರೂ ಕುಡಿದರು. ಬೆನಿಲ್ದೆ ಬಟ್ಟಲು ತುಂಬಿಕೊಡುತ್ತ ಹೋದಳು. ದೊಡ್ಡ ಪಾತ್ರೆಯಿಂದ ಪೇಟೆಯ ಕಾಳು, ಅದರ ಮೇಲೆ ಮಡಕೆಯಿಂದ ಒಂದು ಚಮಚ. ಬಾಯಿಗೆ ಹಾಕಿದವರು ಒಂದು ಕ್ಷಣ ನಿಲ್ಲುತ್ತಿದ್ದರು. ಒಬ್ಬ ಮುದುಕ ಬಟ್ಟಲನ್ನು ಮೂಗಿನ ಹತ್ತಿರ ಹಿಡಿದು ಕಣ್ಣೊರೆಸಿಕೊಂಡ. ಏನಾಗಿದೆ ಎಂದು ನಾವು ಯಾರಿಗೂ ಹೇಳಿರಲಿಲ್ಲ.

ಆಗ ನೋಡಿದೆ, ಬಾಗಿಲಲ್ಲಿ ಎಉತೀಕಿಯೊ. ಟೋಪಿ ಕೈಯಲ್ಲಿ, ಒಂದು ಕಾಲು ಒಳಗೆ, ಒಂದು ಹೊರಗೆ. ನಮ್ಮಣ್ಣ ಬದುಕಿದ್ದಷ್ಟು ಕಾಲ ಈ ಹೊಸ್ತಿಲು ತುಳಿದವನಲ್ಲ.

"ಬರೋದಾದ್ರೆ ಬಾ, ಹೋಗೋದಾದ್ರೆ ಹೋಗು," ಅಂದೆ. "ಬಾಗಿಲಲ್ಲಿ ನಿಂತ್ರೆ ನೊಣ ಒಳಗೆ ಬರ್ತವೆ."

"ನಿನ್ನ ನಾಲಿಗೆ ಇರೋವಾಗ ನೊಣಕ್ಕೆಲ್ಲಿ ಧೈರ್ಯ, ನೆಮೇಸಿಯಾ," ಅಂದ. ಆದರೂ ಬಂದ. ಕಟ್ಟೆಯ ತುದಿಯಲ್ಲಿ ನಿಂತ. ನಾನು ವೈನನ್ನು ಅರ್ಧ ಚೆಲ್ಲುವ ಹಾಗೆ ಕುಕ್ಕಿದೆ. ಬಟ್ಟಲು ಕೊಡುವ ಮನಸ್ಸು ನನಗಿರಲಿಲ್ಲ. ಬೆನಿಲ್ದೆಯೇ ತಂದು ಅವನ ಮುಂದೆ ಇಟ್ಟು, ಚಮಚ ಪಕ್ಕಕ್ಕಿಟ್ಟಳು.

ಅವನು ಒಂದು ಕಾಳು ಬಾಯಿಗೆ ಹಾಕಿದ. ಬಟ್ಟಲನ್ನು ಕಿಟಕಿಯ ಕಡೆ ತಿರುಗಿಸಿ ಇನ್ನೊಂದನ್ನು ದಿಟ್ಟಿಸಿ ನೋಡಿದ.

"ಬೆನಿಲ್ದೆ. ಇದು ಲೌರೆಂತಿನೊ ಕಾಳು."

"ಹೌದು."

"ಹೋದ ವರ್ಷ ನೀನು ಬಿತ್ಲಿಲ್ಲ. ಬೇಲಿ ಪಕ್ಕದಲ್ಲೇ ಇರೋನು ನಾನು, ನನಗೆ ಗೊತ್ತು. ಇದೆಲ್ಲಿಂದ ಬಂತು?"

ಬೆನಿಲ್ದೆ ಕಟ್ಟೆ ಒರೆಸತೊಡಗಿದಳು. ನನ್ನ ಗಂಡ ಕಟ್ಟೆಯ ಹಿಂದಿನಿಂದ ತಲೆ ಎತ್ತದೆ ಹೇಳಿದ, "ಬೀಜ. ನಾನು ಕುದಿಯೋ ನೀರಿಗೆ ಹಾಕ್ಬಿಟ್ಟೆ."

"ಎಲ್ಲಾನೂ?"

"ಎಲ್ಲಾನೂ."

ಎಉತೀಕಿಯೊ ಚಮಚ ಕೆಳಗಿಟ್ಟ. ಟೋಪಿ ತಲೆಗೇರಿಸಿದ. ಬಟ್ಟಲಲ್ಲಿ ಅರ್ಧ ಕಾಳು, ಲೋಟದಲ್ಲಿ ವೈನ್, ಎಲ್ಲ ಹಾಗೇ ಬಿಟ್ಟು ಹೊರಟುಹೋದ. ನನ್ನ ಮೈ ಉರಿದುಹೋಯಿತು. "ನೋಡಿದ್ರಾ? ಸತ್ತೋನ ಹೆಸರಿನ ತುತ್ತು ಅರ್ಧಕ್ಕೆ ಬಿಟ್ಟು ಹೋದ! ಮೊದ್ಲು ಕಿತ್ಕೊಂಡು ತಿಂದ, ಈಗ ಕೊಟ್ರೂ ಬೇಡ! ಎಂಥಾ ಜನ್ಮನಪ್ಪಾ!" ಎಂದು ಅವನ ಬೆನ್ನಿಗೆ ಕೇಳುವ ಹಾಗೇ ಹೇಳಿದೆ. ಪಾದ್ರಿಗಳು "ಸಾಕು, ನೆಮೇಸಿಯಾ" ಅಂದರು. ಬೆನಿಲ್ದೆ ಬಟ್ಟಲಿನ ಮೇಲೆ ಒಂದು ತಟ್ಟೆ ಮುಚ್ಚಿದಳು, ಆರಬಾರದೆಂದು. ಎದ್ದುಹೋದವನ ಬಟ್ಟಲನ್ನು ಯಾಕೆ ಬಿಸಿಯಾಗಿಡಬೇಕೋ ನನಗೆ ಆಗ ಅರ್ಥವಾಗಲಿಲ್ಲ.

ಸ್ವಲ್ಪ ಹೊತ್ತಿಗೇ ಎಉತೀಕಿಯೊ ಏದುಸಿರು ಬಿಡುತ್ತ ವಾಪಸು ಬಂದ. ಕೋಟಿನೊಳಗಿನಿಂದ ಒಂದು ವೈನ್ ಬಾಟಲಿ ತೆಗೆದು ಕಟ್ಟೆಯ ಮೇಲಿಟ್ಟ. ಬಿರಡೆ ಹಾಕಿದ ಹಳೇ ಬಾಟಲಿ. ಒಳಗೆ ಕತ್ತಿನವರೆಗೆ ಕಾಳು. ಬಿಳಿ ಕಾಳು, ಕಣ್ಣಿನ ಹತ್ತಿರ ದಾಲ್ಚಿನ್ನಿ ಬಣ್ಣದ ಮಚ್ಚೆ.

ಪಾದ್ರಿಗಳು ಲೋಟ ಕೆಳಗಿಟ್ಟರು.

"ಅವನು ನನ್ನ ಕಳ್ಳ ಅಂದ," ಅಂದ ಎಉತೀಕಿಯೊ. ನೋಡುತ್ತಿದ್ದದ್ದು ಬೆನಿಲ್ದೆಯನ್ನಲ್ಲ, ಬಾಟಲಿಯನ್ನು. "ಕಿತ್ಕೊಂಡದ್ದು ನಿಜ. ನನ್ನ ಕಡೆ ಬಂದದ್ದು ನಂದು ಅಂತ ಹಟ. ಮನೆಗೆ ತಗೊಂಡು ಹೋದೆ, ತಿನ್ನೋಕೆ ಗಂಟಲಲ್ಲಿ ಇಳೀಲಿಲ್ಲ. ಬಿಸಾಡೋಕೂ ಮನಸ್ಸು ಬರ್ಲಿಲ್ಲ, ಇಷ್ಟು ಚೆಂದದ ಕಾಳು. ಹಿತ್ತಲಲ್ಲಿ ಯಾರಿಗೂ ಕಾಣದ ಹಾಗೆ ಒಂದು ಸಾಲು ಹಾಕ್ದೆ. ಆಮೇಲೆ ಪ್ರತಿ ವರ್ಷ ಹಾಕ್ತಾ ಬಂದೆ. ಒಂದಿನ ಅವನಿಗೇ ವಾಪಸ್ ಕೊಡೋಣ ಅಂದ್ಕೋತಿದ್ದೆ. ಅವನು ಮೊದ್ಲು ಮಾತಾಡ್ಸಲಿ ಅಂತ ನಾನು, ನಾನು ಮೊದ್ಲು ಮಾತಾಡ್ಸಲಿ ಅಂತ ಅವನು. ಅಷ್ಟರಲ್ಲಿ ಹೋಗೇಬಿಟ್ಟ."

ಬೆನಿಲ್ದೆ ಬಾಟಲಿ ಎತ್ತಲಿಲ್ಲ. ಇದನ್ನು ತೆಗೆದುಕೊಂಡರೆ, ಗಂಡ ಸಾಯುವವರೆಗೂ ಆಡಿದ ಮಾತು ತಪ್ಪು ಎಂದು ಅವನ ವರ್ಷದ ದಿನವೇ ಊರೆದುರಿಗೆ ಒಪ್ಪಿಕೊಂಡ ಹಾಗೆ. ಬಿಟ್ಟರೆ ಬೀಜ ಹೋಯಿತು. ತಗೋ, ತಗೋ ಮಾರಾಯ್ತಿ ಎಂದು ಒಳಗೊಳಗೇ ಬಡಕೊಂಡೆ. ಅಣ್ಣ ಸಿಟ್ಟು ಮಾಡಿಕೊಂಡರೆ ನಾನು ಸತ್ತ ಮೇಲೆ ಹೋಗಿ ಅವನ ಹತ್ತಿರ ಜಗಳವಾಡುತ್ತೇನೆ, ನೀನು ತಗೋ.

"ಸಾಯೋವರೆಗೂ ಅವನು ನಿನ್ನ ಕಳ್ಳ ಅಂದ," ಅಂದಳು ಬೆನಿಲ್ದೆ.

"ಅಂದ."

"ನಾನೂ ಅಂದಿದ್ದೀನಿ."

"ಕೇಳಿಸ್ಕೊಂಡಿದ್ದೀನಿ."

ಅವಳು ಬಾಟಲಿ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದಳು. ಅಲುಗಾಡಿಸಿದಳು, ಪಾತ್ರೆ ಅಲುಗಾಡಿಸುವಷ್ಟೇ ಮೆಲ್ಲಗೆ. ಗಾಜಿನೊಳಗೆ ಒಣ ಕಾಳು ಗಲಗಲ ಅಂದಿತು. ಒಂದು ವರ್ಷ ಹಿಡಿದಿಟ್ಟದ್ದು ಆಗ ಬಂತು. ಬಾಟಲಿ ಎದೆಗೊತ್ತಿಕೊಂಡು ಅತ್ತಳು. ಗಂಡಸರು ಕೈಯಲ್ಲಿದ್ದ ಟೋಪಿ ನೋಡಿಕೊಂಡು ನಿಂತರು, ನಾನು ಅವಳ ಬೆನ್ನ ಮೇಲೆ ಕೈಯಿಟ್ಟು ನಿಂತೆ. ಅಳು ನಿಂತ ಮೇಲೆ ಕಪ್ಪು ಶಾಲಿನ ತುದಿಯಲ್ಲಿ ಮುಖ ಒರೆಸಿಕೊಂಡು, ಎಉತೀಕಿಯೊನ ಬಟ್ಟಲಿನ ಮೇಲಿನ ತಟ್ಟೆ ತೆಗೆದಳು.

"ಇನ್ನೂ ಬಿಸಿ ಇದೆ. ತಿನ್ನು," ಅಂದಳು.

ಅವನು ನಿಂತೇ ತಿಂದ. ಕೊನೆಗೆ ಬ್ರೆಡ್ಡಿನ ಚೂರಿನಿಂದ ಬಟ್ಟಲು ಒರೆಸಿ ಅದನ್ನೂ ತಿಂದ. ಆಮೇಲೆ ಅವನು ಕೇಳದೆಯೇ ನಾನು ಇನ್ನೊಂದು ಲೋಟ ವೈನ್ ಹಾಕಿಕೊಟ್ಟೆ. ಈ ಸಲ ಚೆಲ್ಲಲಿಲ್ಲ.

ಮಾರನೇ ದಿನ ಬೆನಿಲ್ದೆ ಸೌದೆ ರಾಶಿಯ ಹಿಂದಿನಿಂದ ಗುದ್ದಲಿ ತೆಗೆದುಕೊಂಡು ಹೊಲಕ್ಕೆ ಹೋದಳು. ಅಬುಂದಿಯೊ ಬಾರಿಗೆ ಬೀಗ ಹಾಕಿ ಅವಳ ಹಿಂದೆ ಹೋಗಿ, ಕಳೆ ಕಿತ್ತು ಕೈಯೆಲ್ಲ ಬೊಬ್ಬೆ ಮಾಡಿಕೊಂಡು ಬಂದ. ಬಾಟಲಿಯ ಕಾಳು ಎಲ್ಲ ಸಾಲಿಗೂ ಸಾಲಲಿಲ್ಲ. ಇದ್ದಷ್ಟನ್ನು ಹೊಲದ ನಡುವೆ ಒಳ್ಳೆಯ ಮಣ್ಣಿನಲ್ಲಿ ಹಾಕು ಅಂದೆ. ಅವಳು ಕೇಳಲಿಲ್ಲ. ಬೇಲಿ ಪಕ್ಕದ ಸಾಲಿನಿಂದಲೇ ಶುರುಮಾಡಿದಳು.

ಜುಲೈ ತಿಂಗಳಲ್ಲಿ ಒಂದು ಸಂಜೆ ಅವಳನ್ನು ಕರೆಯಲು ಹೊಲಕ್ಕೆ ಹೋದೆ. ಬಳ್ಳಿ ಆಳೆತ್ತರ ಬಂದಿತ್ತು, ಹೂ ಬಿಟ್ಟಿತ್ತು. ಬೆನಿಲ್ದೆ ಬೇಲಿಯುದ್ದಕ್ಕೂ ನಡೆಯುತ್ತ, ಒಂದೊಂದು ಕುಡಿಯ ಹತ್ತಿರ ನಿಂತು ಅದನ್ನು ಕೈಯಲ್ಲಿ ಹಿಡಿಯುತ್ತಿದ್ದಳು, ನಮ್ಮಣ್ಣ ಮಾಡುತ್ತಿದ್ದ ಹಾಗೇ. ಪರವಾಗಿಲ್ಲ, ಗಂಡನ ಕೆಲಸ ಮುಂದುವರಿಸಿದ್ದಾಳೆ ಅಂದುಕೊಂಡೆ. ಹತ್ತಿರ ಹೋಗಿ ನೋಡಿದರೆ, ಅವಳು ಕುಡಿಗಳನ್ನು ಈಚೆ ತಿರುಗಿಸುತ್ತಿರಲಿಲ್ಲ. ಮುಳ್ಳು ತಾಗದಂತೆ ಮೆಲ್ಲಗೆ ಎತ್ತಿ, ಒಂದೊಂದನ್ನಾಗಿ ಆಚೆಗೆ ದಾಟಿಸುತ್ತಿದ್ದಳು.